ಬೆಳಕನ್ನು ಸೋಸುವ ಗಾಜು

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಮೇಲಿರುವ ಊರು. ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾ ಬಾಗಸವಾರನೆಂದೂ ಕರೆಯುವ ಸಂತನ ದರ್ಗಾ ಅಲ್ಲಿದ್ದು, ಹಳ್ಳದ ನೀರಿನಲ್ಲಿ ಮಿಂದರೆ ಚರ್ಮದ ಬೇನೆಗಳು ವಾಸಿಯಾಗುತ್ತವೆಂಬ ನಂಬಿಕೆಯನ್ನು ಜಾತ್ರೆಗೆ ಬರುವ ಎರಡೂ ಮತದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ನೀರಿನ ಬಗೆಗಿನ ಈ ನಂಬಿಕೆಯ ಪಕ್ಕದಲ್ಲಿಯೇ ಇಟ್ಟು ನೋಡಬಹುದಾದ ಇನ್ನೊಂದು ನಂಬಿಕೆ ಬೆಳಕಿಗೆ ಸಂಬಂಧಿಸಿದ್ದು. ಒಂದೊಂದು ಬಣ್ಣದ ಬೆಳಕಿಗೆ ಒಂದೊಂದು ಬೇನೆಯನ್ನು ಕಳೆಯುವ ಗುಣವಿದೆ, ಆದ್ದರಿಂದ ಮೈಮೇಲೆ ಬೀಳುವ ಬೆಳಕಿನ ಬಣ್ಣವನ್ನು ಅರಿತು ಆರಿಸಿಕೊಂಡರೆ ದೇಹವೂ ಮನಸ್ಸೂ ಸುಧಾರಿಸುತ್ತವೆ ಎನ್ನುವ ಈ ಪದ್ಧತಿಗೆ ವರ್ಣಚಿಕಿತ್ಸೆ ಎಂದು ಹೆಸರು. ಬಣ್ಣದ ಗಾಜನ್ನು ಕೈಯಿಂದ ಕತ್ತರಿಸಿ, ತುಂಡುಗಳಿಗೆ ಸೀಸದ ಇಲ್ಲವೆ ತಾಮ್ರದ ಅಂಚು ಕಟ್ಟಿ, ಬೆಸುಗೆ ಹಾಕಿ ಮಾಡಿದ ಕಿಟಕಿಯ ಫಲಕಗಳೂ ಬಿಸಿಲಿಗೆ ತೂಗುಹಾಕುವ ಬಿಲ್ಲೆಗಳೂ ಈ ಚಿಕಿತ್ಸೆಯ ಸಾಧನಗಳೆಂದು ಮಾರಾಟವಾಗುತ್ತವೆ. ಗಾಜಿನ ಕುಶಲಕಲೆ ಸಾವಿರ ವರ್ಷಕ್ಕೂ ಹಳೆಯದಾದರೆ ಅದಕ್ಕೆ ಅಂಟಿಕೊಂಡಿರುವ ಚಿಕಿತ್ಸೆಯ ಮಾತು ಒಂದೂವರೆ ಶತಮಾನದಷ್ಟು ಮಾತ್ರ ಹಳೆಯದು.

ಗಾಜು ಬೆಳಕಿಗೆ ಬಣ್ಣ ಹಚ್ಚುತ್ತದೆ ಎನ್ನುವುದು ರೂಢಿಯ ಮಾತಾದರೂ ನಿಜದಲ್ಲಿ ನಡೆಯುವುದು ಅದರ ತಿರುವುಮುರುವು. ಬಿಳಿಯಾಗಿ ಕಾಣುವ ಬಿಸಿಲಿನಲ್ಲಿ ನೇರಳೆಯಿಂದ ಕೆಂಪಿನವರೆಗಿನ ಎಲ್ಲ ಬಣ್ಣಗಳೂ ಮೊದಲೇ ಸೇರಿಕೊಂಡಿರುತ್ತವೆ. ಈ ಬಣ್ಣಗಳನ್ನು ಬೆಳಕಿನ ಅಲೆಯ ಉದ್ದದಿಂದ ಅಳೆಯುತ್ತಾರೆ; ಅಳತೆಯ ಮಾನ ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಮನುಷ್ಯನ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರಿನವರೆಗಿನ ಬೆಳಕು. ಕೆಂಪು ಗಾಜು ಈ ಸಾಲಿನ ಕೆಂಪು ತುದಿಯನ್ನು ಮಾತ್ರ ಹಾಯಗೊಟ್ಟು ಉಳಿದುದೆಲ್ಲವನ್ನೂ ತನ್ನಲ್ಲಿಯೇ ಹೀರಿಕೊಂಡು ಬಿಸಿಯಾಗುತ್ತದೆ, ಅಂದರೆ ಅದು ಹಿಟ್ಟು ಸಾಣಿಸುವ ಜರಡಿಯ ಕೆಲಸವನ್ನು ಮಾಡುತ್ತದೆ. ಜರಡಿಯಿಂದ ಇಳಿದ ಹಿಟ್ಟು ಮೊದಲಿದ್ದುದಕ್ಕಿಂತ ಹೆಚ್ಚಾಗುವುದು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಬಣ್ಣದ ಗಾಜನ್ನು ಹಾಯ್ದು ಬಂದ ಬೆಳಕಿನಲ್ಲಿ ಬಿಸಿಲಿನಲ್ಲಿ ಇಲ್ಲದ ಯಾವುದೂ ಹೊಸದಾಗಿ ಬಂದಿರುವುದಿಲ್ಲ. ವರ್ಣಚಿಕಿತ್ಸೆಯ ಬಹುಪಾಲು ವಾದಗಳು ಎಡವುವುದು ಈ ಒಂದು ಹೊಸ್ತಿಲಿನ ಮೇಲೆಯೇ.

ಜರಡಿಯ ಕಣ್ಣುಗಳು ಯಾವುವು ಎಂಬುದನ್ನು ಗಾಜಿನಲ್ಲಿ ಕರಗಿದ ಲೋಹ ನಿರ್ಧರಿಸುತ್ತದೆ. ಮರಳನ್ನೇ ಕರಗಿಸಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾಗುವುದರಿಂದ ಸೋಡಾ ಬೆರೆಸಿ ಆ ಶಾಖವನ್ನು ಇಳಿಸುತ್ತಾರೆ, ಹಾಗೆ ಮಾಡಿದ ಗಾಜು ನೀರಿಗೆ ಕರಗದಂತೆ ಸುಣ್ಣವನ್ನು ಕೂಡಿಸುತ್ತಾರೆ. ಈ ಕರಗಿದ ಪಾಕಕ್ಕೆ ಚಿಟಿಕೆಯಷ್ಟು ಕೋಬಾಲ್ಟ್ ಬಿದ್ದರೆ ಗಾಢ ನೀಲಿ, ಮ್ಯಾಂಗನೀಸ್ ಬಿದ್ದರೆ ನೇರಳೆ, ಕಬ್ಬಿಣದಿಂದ ಬಾಟಲಿಯ ಹಸಿರು, ಕುಲುಮೆಯ ಗಾಳಿಯ ಸ್ಥಿತಿಗೆ ತಕ್ಕಂತೆ ತಾಮ್ರದಿಂದ ಹಸಿರುನೀಲಿ ಇಲ್ಲವೆ ಕೆಂಪು, ಕ್ಯಾಡ್ಮಿಯಂ ಮತ್ತು ಸೆಲೆನಿಯಂಗಳಿಂದ ಹಳದಿ, ಕಿತ್ತಳೆ, ಕಡುಗೆಂಪು ಬರುತ್ತವೆ. ಅತಿಸೂಕ್ಷ್ಮ ಚಿನ್ನದ ಕಣಗಳಿಂದ ಮಾಣಿಕ್ಯದ ಕೆಂಪನ್ನು ಬರಿಸಿದ ಗಾಜು ಇಂದಿಗೂ ದುಬಾರಿ. ಬಣ್ಣದ ಗಾಜಿನ ಕೆಲಸಕ್ಕೆಲ್ಲ ಈಗ ಸ್ಟೇನ್ಡ್ ಗ್ಲಾಸ್ ಎಂಬ ಹೆಸರಿದ್ದರೂ, ಕಲೆ ಹಿಡಿಸುವುದು ಎಂಬ ಅರ್ಥದ ಆ ಮಾತಿಗೆ ಸರಿಯಾಗಿ ಒಪ್ಪುವುದು ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಯೂರೋಪಿನಲ್ಲಿ ಬಳಕೆಗೆ ಬಂದ ಒಂದೇ ಒಂದು ವಿಧಾನ. ಬೆಳ್ಳಿಯ ಸಂಯುಕ್ತವನ್ನು ಗಾಜಿನ ಮೇಲೆ ಲೇಪಿಸಿ ಗೂಡಿನಲ್ಲಿ ಕಾಯಿಸಿದಾಗ ಆ ಭಾಗ ಮಾತ್ರ ಜೇನಿನ ಹಳದಿಗೆ ತಿರುಗುತ್ತದೆ.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಬೆಳಕಿನ ಲೆಕ್ಕದಲ್ಲಿ ಒಂದೇ ಆಗಿರಬೇಕೆಂದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. 580 ನ್ಯಾನೋಮೀಟರಿನ ಶುದ್ಧ ಹಳದಿಯೂ ಕೆಂಪು ಹಸಿರು ಬೆರೆತ ಹಳದಿಯೂ ನೋಡುವವನಿಗೆ ಒಂದೇ, ಆದರೆ ಮೊದಲನೆಯದರಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಬಣ್ಣವೆಂಬುದು ಅರ್ಧ ಬೆಳಕಿನಲ್ಲಿ, ಅರ್ಧ ಕಣ್ಣು ಮಿದುಳುಗಳಲ್ಲಿ ಹುಟ್ಟುವ ಅನುಭವ. ಬೆಂಗಳೂರಿನಲ್ಲಿ 1948ರಲ್ಲಿ ತಮ್ಮ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಸಿ. ವಿ. ರಾಮನ್ ಅವರು ಬದುಕಿನ ಕೊನೆಯ ವರ್ಷಗಳನ್ನು ಹೂಗಳ ಬಣ್ಣಕ್ಕೂ ಕಣ್ಣಿನ ನೋಟಕ್ಕೂ ಮೀಸಲಿಟ್ಟು 1968ರಲ್ಲಿ ದೃಷ್ಟಿಯ ಶರೀರಶಾಸ್ತ್ರದ ಮೇಲೆ ಪುಸ್ತಕವನ್ನೇ ಪ್ರಕಟಿಸಿದರು. ಹಳದಿ ಗಾಜು ಜೀರ್ಣಶಕ್ತಿಗೆ ಒಳ್ಳೆಯದು ಎಂದು ಹೇಳುವವರು ಯಾವ ಹಳದಿ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಗಾಜಿಗೂ ಚಿಕಿತ್ಸೆಗೂ ಗಂಟು ಬಿದ್ದದ್ದು ಅಮೆರಿಕೆಯ ಫಿಲಡೆಲ್ಫಿಯದಲ್ಲಿ, ಅದೂ ದ್ರಾಕ್ಷಿಯ ಬಳ್ಳಿಗಳಿಂದ. ಅಗಸ್ಟಸ್ ಪ್ಲೆಸನ್‌ಟನ್ ಎಂಬ ಸೇನಾಧಿಕಾರಿ 1860ರ ದಶಕದಲ್ಲಿ ತನ್ನ ದ್ರಾಕ್ಷಿಯ ಗಾಜುಮನೆಯಲ್ಲಿ ಮಾಮೂಲು ಗಾಜುಗಳ ನಡುನಡುವೆ ನೀಲಿ ಗಾಜನ್ನು ಕೂರಿಸಿ, ಬಳ್ಳಿಗಳು ಅದ್ಭುತವಾಗಿ ಬೆಳೆದವೆಂದು ಸಾರಿ, ಮುಂದೆ ಹಂದಿಮರಿಗಳಿಗೂ ಮನುಷ್ಯರಿಗೂ ಅದೇ ಗುಣವನ್ನು ವಿಸ್ತರಿಸಿದನು. 1876ರಲ್ಲಿ ಅವನು ಹೊರತಂದ ಪುಸ್ತಕ ನೀಲಿ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿಯೇ ಅಚ್ಚಾಗಿತ್ತು, ಮತ್ತು ಮರುವರ್ಷ ಅಮೆರಿಕೆಯ ಮನೆಮನೆಯಲ್ಲೂ ನೀಲಿ ಗಾಜಿನ ಹುಚ್ಚು ಹಬ್ಬಿತು. ನೀಲಿ ಗಾಜು ಬಿಸಿಲಿನ ಒಂದು ಪಾಲನ್ನು ತಡೆಯುವುದೇ ಹೊರತು ಅದಕ್ಕೆ ಏನನ್ನೂ ಕೂಡಿಸುವುದಿಲ್ಲವೆಂದು ಅಂದಿನ ವಿಜ್ಞಾನ ಪತ್ರಿಕೆಗಳು ತೋರಿಸಿಕೊಟ್ಟ ಮೇಲೆ ಹುಚ್ಚು ಇಳಿಯಿತು, ಆದರೆ ವಿಚಾರ ಅಳಿಯಲಿಲ್ಲ. ಎಡ್ವಿನ್ ಬ್ಯಾಬಿಟ್ ಎಂಬವನು 1878ರಲ್ಲಿ ಬೆಳಕು ಮತ್ತು ಬಣ್ಣಗಳ ತತ್ತ್ವವನ್ನು ಕುರಿತ ಭಾರಿ ಗ್ರಂಥವನ್ನು ಬರೆದು, ಕೆಂಪು ರಕ್ತವನ್ನು ಕೆರಳಿಸುತ್ತದೆ, ಹಳದಿ ನರಗಳನ್ನು ಎಚ್ಚರಿಸುತ್ತದೆ, ನೀಲಿ ಉರಿಯನ್ನು ತಣಿಸುತ್ತದೆ ಎಂಬ ಹಂಚಿಕೆಯನ್ನು ಮಾಡಿದನಲ್ಲದೆ, ಬಣ್ಣಬಣ್ಣದ ಗಾಜುಗಳನ್ನು ಜೋಡಿಸಿದ ಕಿಟಕಿಯಂಥ ಕ್ರೋಮೋಲ್ಯೂಮ್ ಎಂಬ ಫಲಕವನ್ನೂ ರೂಪಿಸಿದನು. ಇಂದು ಚಿಕಿತ್ಸೆಯ ಹೆಸರಿನಲ್ಲಿ ಕೈಯಿಂದ ಮಾಡುವ ಗಾಜಿನ ಫಲಕಗಳ ಮೂಲಮಾದರಿ ಅದೇ.

ಬ್ಯಾಬಿಟನ ಪುಸ್ತಕವನ್ನು ಓದಿ ಮುಂದುವರಿದವನು ಮುಂಬಯಿಯ ಪಾರ್ಸಿ. 1873ರಲ್ಲಿ ಹುಟ್ಟಿದ ದಿನ್‌ಶಾ ಘಡಿಯಾಲಿ ಸ್ವತಃ ಹೇಳಿಕೊಂಡಂತೆ, 1897ರಲ್ಲಿ ಕರುಳಿನ ಬೇನೆಯಿಂದ ಸಾಯುವ ಸ್ಥಿತಿಯಲ್ಲಿದ್ದ ಹುಡುಗಿಯೊಬ್ಬಳಿಗೆ ಸೀಮೆಎಣ್ಣೆಯ ಲಾಂದ್ರದ ಬೆಳಕನ್ನು ನೇರಳೆ ಬಣ್ಣದ ಉಪ್ಪಿನಕಾಯಿ ಬಾಟಲಿಯ ಮೂಲಕ ಹಾಯಿಸಿ ಗುಣಪಡಿಸಿದನು. ಅಮೆರಿಕೆಗೆ ಹೋದ ಮೇಲೆ 1920ರಲ್ಲಿ ಅವನು ಗಾಜಿನ ಬಣ್ಣದ ಪಟ್ಟಿಗಳನ್ನು ಹೊಂದಿಸಿ ಹನ್ನೆರಡು ಬಣ್ಣ ಬರಿಸುವ ಸ್ಪೆಕ್ಟ್ರೋಕ್ರೋಮ್ ಎಂಬ ಯಂತ್ರವನ್ನು ಹೊರತಂದನು. 1947ರಲ್ಲಿ ನ್ಯೂಜೆರ್ಸಿಯ ನ್ಯಾಯಾಲಯ ಸುಳ್ಳು ಹೇಳಿಕೆಗಳಿಂದ ಅದನ್ನು ಮಾರಿದ ಅಪರಾಧಕ್ಕೆ ಅವನಿಗೆ ದಂಡ ವಿಧಿಸಿತು. ಭಾರತದಲ್ಲಿ ಇದೇ ಧಾರೆ ಪ್ರಕೃತಿ ಚಿಕಿತ್ಸೆಯೊಳಗೆ ಸೇರಿಕೊಂಡು, ಬಣ್ಣದ ಬಾಟಲಿಯಲ್ಲಿ ತುಂಬಿ ಬಿಸಿಲಿಗಿಟ್ಟ ನೀರನ್ನು ಕುಡಿಸುವ ಪದ್ಧತಿಯಾಗಿ ಉಳಿದುಕೊಂಡಿದೆ, ಆ ಚಿಕಿತ್ಸೆಯ ಪದವಿ ಶಿಕ್ಷಣದಲ್ಲಿ ವರ್ಣಚಿಕಿತ್ಸೆ ಇಂದಿಗೂ ಒಂದು ಪಾಠವಾಗಿದೆ.

ತೂಗುಬಿಲ್ಲೆಗಳಲ್ಲಿ ಅತಿ ಹೆಚ್ಚಾಗಿ ಕಾಣುವ ವಿನ್ಯಾಸ ಏಳು ಚಕ್ರಗಳದ್ದು: ಮೂಲಾಧಾರಕ್ಕೆ ಕೆಂಪು, ಸ್ವಾಧಿಷ್ಠಾನಕ್ಕೆ ಕಿತ್ತಳೆ, ಮಣಿಪೂರಕ್ಕೆ ಹಳದಿ, ಹೀಗೆ ಮೇಲಕ್ಕೆ ನೇರಳೆಯವರೆಗೆ. ಇದು ನಮ್ಮ ಪ್ರಾಚೀನ ತಂತ್ರಶಾಸ್ತ್ರದ ಮಾತೆಂದು ಕೊಳ್ಳುವವರೂ ಮಾರುವವರೂ ತಿಳಿದಿದ್ದಾರೆ. ಆದರೆ ಪೂರ್ಣಾನಂದರು 1577ರಲ್ಲಿ ರಚಿಸಿದ ಷಟ್ಚಕ್ರನಿರೂಪಣವೆಂಬ ತಂತ್ರಗ್ರಂಥದಲ್ಲಿ ಮಣಿಪೂರದ ದಳಗಳು ಮಳೆಮೋಡದ ಬಣ್ಣದವು, ವಿಶುದ್ಧದ ದಳಗಳು ಹೊಗೆ ಬೆರೆತ ನೇರಳೆ, ಆಜ್ಞಾಚಕ್ರ ಚಂದ್ರನಂತೆ ಬಿಳುಪು. ಕಾಮನಬಿಲ್ಲಿನ ಬಣ್ಣಗಳನ್ನು ಕೆಳಗಿನಿಂದ ಮೇಲಕ್ಕೆ ಸಾಲಾಗಿ ಜೋಡಿಸಿದವರು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಲೇಖಕರು. ನಮ್ಮದೆಂದು ನಮಗೇ ಮರಳಿ ಬಂದ ಈ ಸರಕು ಕಣ್ಣಿಗೆ ಚೆಂದವಿದೆ, ಪ್ರಮಾಣಗ್ರಂಥದ ಬಲ ಅದಕ್ಕಿಲ್ಲ.

ಕೈಕೆಲಸದ ವಿಷಯಕ್ಕೆ ಬಂದರೆ ಮಾತಿಗೆ ಬೇರೆಯೇ ತೂಕ ಬರುತ್ತದೆ. ಹನ್ನೆರಡನೆಯ ಶತಮಾನದ ಥಿಯೋಫಿಲಸ್ ಎಂಬ ಜರ್ಮನ್ ಸಂನ್ಯಾಸಿ ಬರೆದಿಟ್ಟ ಕ್ರಮವೇ, ಕಾದ ಕಬ್ಬಿಣದಿಂದ ಗಾಜನ್ನು ಸೀಳುವುದೊಂದನ್ನು ಬಿಟ್ಟರೆ, ಇಂದಿಗೂ ಹೆಚ್ಚುಕಡಿಮೆ ನಡೆದುಕೊಂಡು ಬಂದಿದೆ. ಅವನ ಕಾಲದಲ್ಲಿ ಸುಣ್ಣ ಬಳಿದ ಹಲಗೆಯ ಮೇಲೆ ನಕ್ಷೆ ಬರೆಯುತ್ತಿದ್ದರು, ಈಗ ಕಾಗದದ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು, ಎರಡು ತುಂಡುಗಳ ನಡುವೆ ಲೋಹ ಕೂರುವಷ್ಟು ಎಳೆಯ ಜಾಗ ಬಿಟ್ಟು ಕತ್ತರಿಸಿಕೊಳ್ಳುತ್ತಾರೆ. ಈ ಎಳೆಯನ್ನು ಮರೆತರೆ ಒಂದೊಂದು ತುಂಡಿನಲ್ಲಿ ಒಂದು ಮಿಲಿಮೀಟರ್ ಹೆಚ್ಚಾಗಿ, ಇಪ್ಪತ್ತು ತುಂಡುಗಳ ಫಲಕ ಚೌಕಟ್ಟಿನೊಳಗೆ ಕೂರದೆ ಹೋಗುತ್ತದೆ.

ಗಾಜು ಕತ್ತರಿಸುವುದು ಎಂದು ಹೇಳುತ್ತೇವಾದರೂ ಗಾಜನ್ನು ಯಾರೂ ಕತ್ತರಿಸುವುದಿಲ್ಲ, ಗೀರಿ ಮುರಿಯುತ್ತಾರೆ. ಸೀಮೆಎಣ್ಣೆಯಲ್ಲಿ ಅದ್ದಿದ ಪುಟ್ಟ ಉಕ್ಕಿನ ಗಾಲಿಯನ್ನು ಒಂದೇ ಒತ್ತಡದಲ್ಲಿ, ಅಂಚಿನಿಂದ ಅಂಚಿಗೆ, ಒಂದೇ ಸಲ ಓಡಿಸಬೇಕು, ಕಿವಿಗೆ ಒಂದೇ ಸಮನಾದ ಕಿರುಗುಟ್ಟುವ ಸದ್ದು ಕೇಳಬೇಕು. ಗೀರು ಬೀಳಲಿಲ್ಲವೆಂದು ಅದರ ಮೇಲೆಯೇ ಮತ್ತೊಮ್ಮೆ ಗಾಲಿ ಹಾಯಿಸಿದರೆ ಬಿರುಕು ದಾರಿ ತಪ್ಪುತ್ತದೆ. ಗೀರಿನ ಎರಡೂ ಬದಿಗೆ ಹೆಬ್ಬೆರಳಿಟ್ಟು ಹೊರಕ್ಕೆ ಬಗ್ಗಿಸಿದಾಗ ಬಿರುಕು ಗೀರನ್ನು ಹಿಡಿದು ಓಡಿ ಗಾಜು ಎರಡಾಗುತ್ತದೆ. ನೇರ ಗೆರೆಗೂ ಹೊರಬಾಗಿದ ಗೆರೆಗೂ ಗಾಜು ಒಪ್ಪುತ್ತದೆ. ಒಳಬಾಗಿದ ಗೆರೆಯನ್ನು ಮಾತ್ರ ಸ್ವಲ್ಪಸ್ವಲ್ಪವೇ ಹಲವು ಗೀರುಗಳಲ್ಲಿ ಕಡಿದು ತೆಗೆಯಬೇಕು, ಒಳಗಿನ ಚೂಪು ಮೂಲೆಯನ್ನಂತೂ ಕೈ ಉಪಕರಣದಿಂದ ತೆಗೆಯಲು ಬರುವುದೇ ಇಲ್ಲ. ಆದ್ದರಿಂದ ಹಳೆಯ ಕಿಟಕಿಗಳಲ್ಲಿ ಕಾಣುವ ಸೀಸದ ಗೆರೆಗಳಲ್ಲಿ ಕಲಾವಿದನ ಇಚ್ಛೆ ಎಷ್ಟಿದೆಯೋ ಗಾಜಿನ ಹಟವೂ ಅಷ್ಟೇ ಇದೆ, ಮತ್ತು ಒಳ್ಳೆಯ ನಕ್ಷೆಗಾರನೆಂದರೆ ಗಾಜು ಎಲ್ಲಿ ಮುರಿಯಬಯಸುತ್ತದೆಯೋ ಅಲ್ಲಿಯೇ ಗೆರೆಯನ್ನು ಎಳೆಯುವವನು.

ಅಂಚುಗಳನ್ನು ನೀರು ಹನಿಸುತ್ತ ಸಾಣೆ ಹಿಡಿದ ಮೇಲೆ ಜೋಡಣೆಗೆ ಎರಡು ದಾರಿಗಳಿವೆ. ಹಳೆಯ ದಾರಿಯಲ್ಲಿ, ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದಂತಿರುವ ಸೀಸದ ಪಟ್ಟಿಯ ಎರಡು ತೋಡುಗಳಲ್ಲಿ ಗಾಜನ್ನು ಕೂರಿಸಿ, ಪಟ್ಟಿಗಳು ಸೇರುವ ಕಡೆ ಮಾತ್ರ ಬೆಸುಗೆ ಹಾಕುತ್ತಾರೆ. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಕಲಸಿದ ಲಪ್ಪವನ್ನು ಬಿರುಗೂದಲ ಬ್ರಷ್‌ನಿಂದ ಸಂದುಗಳಿಗೆ ತುಂಬುವುದರಿಂದ ಫಲಕ ಅಲುಗಾಡದೆ ಮಳೆಗೂ ಗಾಳಿಗೂ ತಡೆಯುತ್ತದೆ. ಧಾರವಾಡದ ಎರೆಹೊಲಗಳಲ್ಲಿ ಬೆಳೆದು ಚಟ್ನಿಪುಡಿಯಾಗಿ ರೊಟ್ಟಿಯ ಪಕ್ಕ ಕೂರುವ ಅಗಸಿಯೇ ಯೂರೋಪಿನ ಚರ್ಚುಗಳ ಕಿಟಕಿಗಳನ್ನು ಶತಮಾನಗಳ ಕಾಲ ಹಿಡಿದು ನಿಲ್ಲಿಸಿತೆಂಬುದು ಈ ಸೀಮೆಯವರಿಗೆ ರುಚಿಸುವ ಸಂಗತಿ. ಎರಡನೆಯ ದಾರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕೆಯ ಲೂಯಿ ಟಿಫನಿಯ ಕಾರ್ಯಾಗಾರದಿಂದ ಹೆಸರಾದದ್ದು. ಅಂಟು ಹಚ್ಚಿದ ತೆಳುವಾದ ತಾಮ್ರದ ಪಟ್ಟಿಯನ್ನು ಪ್ರತಿ ತುಂಡಿನ ಅಂಚಿಗೂ ಸುತ್ತಿ, ಲೋಹ ಬೆಸೆಯಲೆಂದು ಫ್ಲಕ್ಸ್ ಎಂಬ ದ್ರಾವಣವನ್ನು ಸವರಿ, ನೂರಕ್ಕೆ 60 ಪಾಲು ತವರ 40 ಪಾಲು ಸೀಸವಿರುವ ಬೆಸುಗೆ ಲೋಹವನ್ನು ಉದ್ದಕ್ಕೂ ಕರಗಿಸಿ ಹರಿಸಬೇಕು. ಸುಮಾರು 190 ಡಿಗ್ರಿಯಲ್ಲಿ ಕರಗುವ ಈ ಲೋಹ ಉಬ್ಬಿದ ದಾರದಂತೆ ನುಣುಪಾಗಿ ನಿಂತರೆ ಕೈ ಪಳಗಿದೆಯೆಂದು ಅರ್ಥ. ದೀಪದ ಮುಸುಕು, ತೂಗುಬಿಲ್ಲೆಗಳಂಥ ಸಣ್ಣ ಕೆಲಸಕ್ಕೆ ತಾಮ್ರ ಒಪ್ಪುತ್ತದೆ, ದೊಡ್ಡ ಕಿಟಕಿಗೆ ಸೀಸವೇ ಸರಿ, ಏಕೆಂದರೆ ಬಿಸಿಲಿಗೆ ಹಿಗ್ಗುವ ಗಾಜಿಗೆ ಮೆತ್ತನೆಯ ಸೀಸ ಜಾಗ ಬಿಟ್ಟುಕೊಡುತ್ತದೆ.

ಸೀಸದ ಬಗ್ಗೆ ಒಂದು ಕಟುವಾದ ಮಾತನ್ನು ಹೇಳದೆ ಬಿಡುವಂತಿಲ್ಲ. ಆರೋಗ್ಯಕ್ಕೆಂದು ಮಾಡುವ ಈ ವಸ್ತುವಿನಲ್ಲಿ ನರಮಂಡಲವನ್ನು ಕೆಡಿಸುವ ವಿಷಲೋಹವಿದೆ, ಮತ್ತು ಅದು ಸೇರುವುದು ಮುಖ್ಯವಾಗಿ ಬೆರಳುಗಳಿಂದ ಬಾಯಿಗೆ, ಧೂಳಿನಿಂದ ಮನೆಯ ಮಕ್ಕಳಿಗೆ. ಕೆಲಸ ಮಾಡುವ ಜಾಗದಲ್ಲಿ ಉಣ್ಣುವುದು, ಎಲೆಯಡಿಕೆ ಹಾಕುವುದು, ಬೀಡಿ ಸೇದುವುದು ಕೂಡದು. ಕೈಯನ್ನು ಸೋಪಿನಿಂದ ತೊಳೆದೇ ಅಡುಗೆಮನೆಗೆ ಹೋಗಬೇಕು, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಫ್ಲಕ್ಸಿನ ಹೊಗೆ ಮುಖಕ್ಕೆ ಬಾರದಂತೆ ಕಿಟಕಿ ತೆರೆದಿರಬೇಕು. ತೊಟ್ಟಿಲ ಮೇಲೆ ತೂಗುಹಾಕುವ ಬಿಲ್ಲೆಗೆ ಸೀಸವಿಲ್ಲದ ಬೆಸುಗೆಯನ್ನೇ ಬಳಸಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಕರ್ನಾಟಕದಲ್ಲಿ ಈ ಕಲೆಯ ಅತಿ ಭವ್ಯವಾದ ಮಾದರಿ ಮೈಸೂರು ಅರಮನೆಯ ಕಲ್ಯಾಣಮಂಟಪದ ಚಾವಣಿ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಮುಗಿದ ಈ ಅರಮನೆಯ ಎಂಟು ಮೂಲೆಯ ಮಂಟಪಕ್ಕೆ ಎರಕದ ಕಂಬಗಳೂ ನವಿಲುಗಳ ಚಿತ್ತಾರದ ಬಣ್ಣದ ಗಾಜೂ ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ ಬಂದವು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳು ಫ್ರಾನ್ಸಿನವು. ನವಿಲು ಎಂದೊಡನೆ ನವಲಗುಂದದ ಜಮಖಾನೆ ನೆನಪಾಗಬೇಕು: ಭೌಗೋಳಿಕ ಗುರುತನ್ನು ಪಡೆದ, ಹೆಂಗಸರು ನಿಂತ ಮಗ್ಗದಲ್ಲಿ ನೇಯುವ ಆ ಹತ್ತಿಯ ಹಾಸಿನಲ್ಲಿ ನವಿಲು ಬಣ್ಣದ ನೂಲಿನ ಮೆಟ್ಟಿಲುಗಳಾಗಿ ಮೂಡುತ್ತದೆ. ಗೆರೆಗಳಿಂದ ಕಟ್ಟಿದ ಸಮತಟ್ಟು ಬಣ್ಣಗಳ ಈ ನಕ್ಷೆಗಳು ಗಾಜಿಗೆ ಹೇಳಿ ಮಾಡಿಸಿದಂತಿವೆ. ಚಕ್ರಗಳ ಬಿಲ್ಲೆಗಿಂತ ಒಂದು ಜಮಖಾನೆಯ ನವಿಲನ್ನು ಗಾಜಿನಲ್ಲಿ ಕಟ್ಟುವುದು ಧಾರವಾಡ ಸೀಮೆಯ ಕುಶಲಕರ್ಮಿಗೆ ಹೆಚ್ಚು ಗೌರವದ ಕೆಲಸವಾದೀತು.

ಫಲಕವನ್ನು ಎಲ್ಲಿ ತೂಗುಹಾಕಬೇಕು ಎಂಬುದನ್ನು ಬಿಸಿಲಿನ ಓರೆಯೇ ಹೇಳುತ್ತದೆ. ಫ್ರಾನ್ಸಿನ ಶಾರ್ತ್ರ್ ಊರಿನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 18 ಡಿಗ್ರಿ ಮಾತ್ರ ಏರುವುದರಿಂದ ಅಲ್ಲಿನ ದಕ್ಷಿಣದ ಕಿಟಕಿಗಳು ಬಣ್ಣವನ್ನು ಚರ್ಚಿನ ಒಳಗಿನವರೆಗೆ ಚೆಲ್ಲುತ್ತವೆ. ಯಮನೂರು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಅದೇ ಡಿಸೆಂಬರಿನಲ್ಲಿ ಸೂರ್ಯ 51 ಡಿಗ್ರಿ ಎತ್ತರದಲ್ಲಿರುತ್ತಾನೆ, ಮೇ ತಿಂಗಳ ಮೊದಲ ವಾರದಿಂದ ಆಗಸ್ಟಿನ ನಡುವಿನವರೆಗೆ ಮಧ್ಯಾಹ್ನ ನೆತ್ತಿಯನ್ನು ದಾಟಿ ಉತ್ತರಕ್ಕೇ ವಾಲುತ್ತಾನೆ. ಹೀಗಾಗಿ ನಮ್ಮ ಕಡೆ ದಕ್ಷಿಣದ ಕಿಟಕಿಯ ಬಣ್ಣ ಅದರ ಬುಡದಲ್ಲಿಯೇ ಬಿದ್ದು ಮುಗಿಯುತ್ತದೆ. ಕೋಣೆಯ ಆಳಕ್ಕೆ ಬಣ್ಣ ಇಳಿಯಬೇಕಾದರೆ ಪೂರ್ವದ ಇಲ್ಲವೆ ಪಶ್ಚಿಮದ ಕಿಟಕಿಯೇ ಬೇಕು, ನಡುಹಗಲಿಗಾದರೆ ಮೈಸೂರಿನಂತೆ ಚಾವಣಿಯೇ ಬೇಕು.

ಬೆಳಕು ನಿಜವಾಗಿ ಔಷಧವಾಗುವ ಕಡೆಗಳೂ ಇವೆ. ಚರ್ಮದ ಕ್ಷಯವನ್ನು ಕೇಂದ್ರೀಕರಿಸಿದ ಬೆಳಕಿನಿಂದ ಗುಣಪಡಿಸಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸನ್‌ಗೆ 1903ರಲ್ಲಿ ನೊಬೆಲ್ ಬಹುಮಾನ ಬಂದಿತು. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಬಿಸಿಲಿಗೆ ಒಯ್ದ ಶಿಶುಗಳ ಕಾಮಾಲೆ ತಗ್ಗುವುದನ್ನು ದಾದಿಯೊಬ್ಬರು ಗಮನಿಸಿದ್ದರಿಂದ ಹುಟ್ಟಿ, 1958ರಲ್ಲಿ ಪ್ರಕಟವಾದ ಚಿಕಿತ್ಸೆ ಇಂದು ನವಜಾತ ಶಿಶು ಘಟಕಗಳಲ್ಲೆಲ್ಲ ಇದೆ: 460 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕು ರಕ್ತದ ಹಳದಿ ಅಂಶವಾದ ಬಿಲಿರುಬಿನ್ನಿನ ಆಕಾರವನ್ನೇ ಬದಲಿಸಿ ಅದು ದೇಹದಿಂದ ಹೊರಹೋಗುವಂತೆ ಮಾಡುತ್ತದೆ. ಸೋಸುವ ಗಾಜಿಗೆ ಅತಿ ಹತ್ತಿರದ ಉದಾಹರಣೆ ನೈಜೀರಿಯದ್ದು. ವಿದ್ಯುತ್ತನ್ನು ನೆಚ್ಚಲಾಗದ ಲಾಗೋಸ್ ನಗರದಲ್ಲಿ ವೈದ್ಯರು ಕಿಟಕಿಗೆ ಅಂಟಿಸುವ ಹಾಳೆಗಳಿಂದ ಮಂಟಪ ಕಟ್ಟಿ, ಬಿಸಿಲಿನ ಅತಿನೇರಳೆಯನ್ನೂ ಹೆಚ್ಚಿನ ಶಾಖವನ್ನೂ ತಡೆದು ಚಿಕಿತ್ಸೆಗೆ ಬೇಕಾದ ನೀಲಿಯನ್ನು ಶಿಶುಗಳ ಮೇಲೆ ಇಳಿಯಬಿಟ್ಟರು. ಈ ವಿಧಾನ ವಿದ್ಯುತ್ ದೀಪದ ಚಿಕಿತ್ಸೆಗೆ ಕಡಿಮೆಯಿಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಅಲ್ಲಿ ಎಷ್ಟು ಉದ್ದದ ಅಲೆ, ಎಷ್ಟು ಪ್ರಮಾಣ, ಎಷ್ಟು ಗಂಟೆ ಎಂಬುದನ್ನೆಲ್ಲ ಅಳೆದಿದ್ದರು. ಮನೆಯ ನೀಲಿ ಗಾಜಿನ ಕೆಳಗೆ ಕಾಮಾಲೆಯ ಕೂಸನ್ನು ಮಲಗಿಸುವುದು ಅದರ ಅನುಕರಣೆಯಲ್ಲ, ಅಪಾಯ.

ಚರ್ಮದ ವಿಷಯದಲ್ಲಿಯೂ ಹಾಗೆಯೇ. ತೊನ್ನಿಗೆ ಬಾವಂಚಿ ಬೀಜವನ್ನು ಬಳಸಿ ಬಿಸಿಲಿಗೆ ಒಡ್ಡುವ ಆಯುರ್ವೇದದ ಕ್ರಮದಲ್ಲಿ ಸತ್ಯಾಂಶವಿದೆ, ಆ ಬೀಜದಲ್ಲಿರುವ ಸೋರಾಲೆನ್ ಎಂಬ ವಸ್ತು ಚರ್ಮವನ್ನು ಅತಿನೇರಳೆ ಕಿರಣಗಳಿಗೆ ಸೂಕ್ಷ್ಮವಾಗಿಸುತ್ತದೆ, ಅಳತೆ ತಪ್ಪಿದರೆ ಬೊಕ್ಕೆಗಳನ್ನೂ ಎಬ್ಬಿಸುತ್ತದೆ. ಈಗಿನ ಚರ್ಮವೈದ್ಯರು ತೊನ್ನಿಗೂ ಸೋರಿಯಾಸಿಸ್‌ಗೂ 311 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಅತಿನೇರಳೆಯನ್ನು ಬಳಸುತ್ತಾರೆ. ಕಿಟಕಿಯ ಸಾಧಾರಣ ಗಾಜು ತಡೆಯುವುದು ಮುಖ್ಯವಾಗಿ ಆ ಕಿರಣಗಳನ್ನೇ. ಬಣ್ಣದ ಗಾಜು ಅವನ್ನು ಒಳಗೆ ಬಿಡುವ ಮಾತೇ ಇಲ್ಲ.

ಮುಂಜಾನೆ ಗೋಡೆಯ ಮೇಲೆ ಹರಿದಾಡುವ ಕೆಂಪು ನೀಲಿ ಮಚ್ಚೆಗಳು ಮನಸ್ಸನ್ನು ಅರಳಿಸುವುದು ಸುಳ್ಳಲ್ಲ, ಮತ್ತು ಕೈ ಕಣ್ಣು ಕಿವಿಗಳನ್ನು ಒಂದೇ ಕಡೆ ನೆಡಬೇಕಾದ ಈ ಕೆಲಸ ಮಾಡುವವರಿಗೆ ಕೊಡುವ ನೆಮ್ಮದಿ ನೋಡುವವರಿಗೆ ಸಿಗುವುದಕ್ಕಿಂತ ದೊಡ್ಡದಿರಲೂಬಹುದು. ಅದಕ್ಕೆ ಚಿಕಿತ್ಸೆ ಎಂಬ ಹೆಸರನ್ನು ಕಟ್ಟಿ ಮಾರುವುದು ಮಾತ್ರ ಸರಿಯಲ್ಲ. ಯಮನೂರಿನ ಹಳ್ಳದಲ್ಲಿ ಮೀಯಲು ಹೋಗುವವರೂ ಪೂರ್ವದ ಕಿಟಕಿಗೆ ಗಾಜಿನ ನವಿಲನ್ನು ತೂಗುಹಾಕುವವರೂ ತಮ್ಮ ಮೈಮೇಲೆ ಬಣ್ಣಗೆಟ್ಟ ಮಚ್ಚೆಯೇನಾದರೂ ಕಂಡು, ಮುಟ್ಟಿದರೆ ಅಲ್ಲಿ ಸ್ಪರ್ಶ ತಿಳಿಯದಿದ್ದರೆ, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು; ಅದು ಕುಷ್ಠವಾಗಿದ್ದರೆ ಅದನ್ನು ಪೂರ್ತಿ ಗುಣಪಡಿಸುವ ಮಾತ್ರೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ.